‘ಯಹೂದಿಗಳಲ್ಲಿ ಒಬ್ಬ ಗೆಲಿಲಿಯೋ ಯಾಕೆ ಹುಟ್ಟಲಿಲ್ಲ?’

ಹಳೆಯ ಯುರೋಪಿನ ಯಹೂದಿ ಖಗೋಳ ಪಂಡಿತರ ಮಾತು ತೆಗೆದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇಲ್ಲೇ ಬರೆದುಬಿಡುತ್ತೇನೆ.

ಗೆಲಿಲಿಯೋನ ಶಿಷ್ಯನೇ ಒಬ್ಬನಿದ್ದ. ಕ್ರೀಟ್ ದ್ವೀಪದ ಯಹೂದಿ, ಜೋಸೆಫ್ ಡೆಲ್ಮೆಡಿಗೊ. ಇಟಲಿಯ ಪಡುವಾದಲ್ಲಿ ಗೆಲಿಲಿಯೋನ ಪಾಠ ಕೇಳಿದ, ಅವನ ದೂರದರ್ಶಕದಲ್ಲೇ ಆಕಾಶ ನೋಡಿದ, ಹೀಬ್ರೂನಲ್ಲಿ ಬರೆದ ಪುಸ್ತಕವನ್ನು 1629ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಅಚ್ಚು ಹಾಕಿಸಿದ. ಗೆಲಿಲಿಯೋಗೆ ಫ್ಲಾರೆನ್ಸ್ ಆಳುತ್ತಿದ್ದ ಮೆಡಿಚಿ ಮನೆತನ ಸಂಬಳ ಕೊಟ್ಟಿತು. ಇವನು ವೈದ್ಯಕೀಯ ಮಾಡಿಕೊಂಡು ಕೈರೋ, ಇಸ್ತಾಂಬುಲ್, ಲಿಥುವೇನಿಯಾ ಅಂತ ಊರೂರು ಅಲೆದ. ಕೂರಲು ಜಾಗ ಕೊಡದೆ ‘ಯಾಕೆ ಬೆಳೆಯಲಿಲ್ಲ’ ಅಂತ ಕೇಳುವುದು ಯಾವ ನ್ಯಾಯ?

ಒಮ್ಮೆ ಹದಿನೈದನೆಯ ಶತಮಾನದ ಸ್ಪೇನಿನ ಯಹೂದಿ ಖಗೋಳ ಪಂಡಿತ ಅಬ್ರಹಾಂ ಜಕೂತೋ ಬಗ್ಗೆ ಹೇಳುತ್ತಿದ್ದಾಗ ಹಿರಿಯರೊಬ್ಬರು ‘ಅದು ಬರೀ ಪಂಚಾಂಗದ ಲೆಕ್ಕ ಅಲ್ವಾ?’ ಅಂದರು. ಆ ‘ಬರೀ’ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಆಫ್ರಿಕಾದ ಪಕ್ಕದಲ್ಲೇ ದಕ್ಷಿಣಕ್ಕೆ ಹೋಗುತ್ತಿದ್ದ ಪೋರ್ಚುಗೀಸ್ ನಾವಿಕರಿಗೆ ಭೂಮಧ್ಯರೇಖೆ ದಾಟಿದ ಮೇಲೆ ಧ್ರುವ ನಕ್ಷತ್ರ ಕಾಣುತ್ತಿರಲಿಲ್ಲ. ತಾವು ಎಷ್ಟು ದಕ್ಷಿಣಕ್ಕೆ ಬಂದಿದ್ದೇವೆ ಅಂತ ತಿಳಿಯಲು ಆಗ ಉಳಿದಿದ್ದು ನಡುಹಗಲಿನ ಸೂರ್ಯ ಮಾತ್ರ. ಅವನ ಎತ್ತರ ಅಳೆದರೆ ಸಾಲದು, ಆ ದಿನ ಅವನು ಭೂಮಧ್ಯರೇಖೆಯಿಂದ ಎಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಇದ್ದಾನೆ ಅನ್ನುವುದೂ ಗೊತ್ತಿರಬೇಕು. ಅದು ಗೊತ್ತಾಗುತ್ತಿದ್ದುದು ಜಕೂತೋನ ಕೋಷ್ಟಕಗಳಿಂದ. ಲೆಕ್ಕ ತಪ್ಪಿದರೆ ಹಡಗು ದಾರಿ ತಪ್ಪುತ್ತದೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು, ವಾಪಸು ಹೋಗುವಾಗ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ತಂಗಿದ್ದ. ಆ ಕಥೆ ಎಲ್ಲರಿಗೂ ಗೊತ್ತು, ಜಕೂತೋ ಯಾರಿಗೂ ಗೊತ್ತಿಲ್ಲ.

ನೀವು ಕೇಳಬೇಕಾದ್ದು ಬೇರೆ. ಸ್ಪೇನಿನ ಸಲಾಮಾಂಕಾದ ಈ ಜಕೂತೋ ಹೀಬ್ರೂನಲ್ಲಿ ಮಾಡಿದ ಲೆಕ್ಕ ನಾವಿಕರ ಕೈಗೆ ಬಂದದ್ದು ಹೇಗೆ? ಅದನ್ನು ದಾಟಿಸಿದವನು ಜಕೂತೋನ ಶಿಷ್ಯ ಜೋಸೆ ವಿಜಿನ್ಯೋ, ಅವನೂ ಯಹೂದಿ. 1485ರಲ್ಲಿ ಪೋರ್ಚುಗಲ್ ರಾಜ ಅವನನ್ನು ಪಶ್ಚಿಮ ಆಫ್ರಿಕಾದ ಗಿನಿ ಕರಾವಳಿಗೆ ಕಳಿಸಿದ್ದ, ಸೂರ್ಯನನ್ನು ಅಳೆದು ನೋಡಿ ಬಾ ಅಂತ. ಗುರುವಿನ ಕೋಷ್ಟಕಗಳನ್ನು ಹೇಗೆ ಬಳಸಬೇಕು ಅನ್ನುವ ವಿವರಣೆಯನ್ನು ಅವನೇ ಲ್ಯಾಟಿನ್‌ಗೆ ತಂದ. ಪುಸ್ತಕ 1496ರಲ್ಲಿ ಪೋರ್ಚುಗಲ್‌ನ ಲೈರಿಯಾದಲ್ಲಿ ಅಚ್ಚಾಯಿತು, ಅಚ್ಚು ಹಾಕಿದವನೂ ಯಹೂದಿಯೇ. 1492ರಲ್ಲಿ ಸ್ಪೇನ್ ಹೊರದಬ್ಬಿದ್ದರಿಂದ ಜಕೂತೋ ಪೋರ್ಚುಗಲ್‌ಗೆ ಬಂದಿದ್ದ. ಪುಸ್ತಕ ಬಂದ ಅದೇ 1496ರ ಡಿಸೆಂಬರಿನಲ್ಲಿ ಪೋರ್ಚುಗಲ್ ಕೂಡ ಯಹೂದಿಗಳಿಗೆ ದೇಶ ಬಿಡಲು ಆಜ್ಞೆ ಹೊರಡಿಸಿತು. ಕೋಷ್ಟಕಗಳನ್ನು ಇಟ್ಟುಕೊಂಡರು, ಮನುಷ್ಯನನ್ನು ಇಟ್ಟುಕೊಳ್ಳಲಿಲ್ಲ. ಜಕೂತೋ ಉತ್ತರ ಆಫ್ರಿಕಾದ ಟ್ಯುನಿಸ್‌ಗೆ ಹೋಗಿ, 1504ರಲ್ಲಿ ಅಲ್ಲಿ ತನ್ನ ಜನರ ಪಂಡಿತ ಪರಂಪರೆಯ ಇತಿಹಾಸ ಬರೆದು ಮುಗಿಸಿದ.