ಜಡೆ ನೋಡು

ನಮ್ಮ ಅತ್ತೆ ಉಪ್ಪಿನಕಾಯಿಯ ಭರಣಿಯನ್ನೇ ಎತ್ತಿ ಕೊಟ್ಟಾರು, ಆಲ್ಬಂ ಕೊಡುವವರಲ್ಲ. ಮೊನ್ನೆ ಭಾನುವಾರ ತಾವಾಗಿಯೇ ತಂದು ಅಪ್ಪನ ಮುಂದೆ ಇಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು. ಕಪಾಟಿಗೆ ಮಳೆನೀರು ಸೋರಿ ಅರ್ಧಕ್ಕರ್ಧ ಪಟಗಳಿಗೆ ಬೂಸಲು ಹಿಡಿದಿತ್ತು. ಅದನ್ನು ಅತ್ತೆ ಬಾಯಿಬಿಟ್ಟು ಹೇಳಲಿಲ್ಲ. ಮೊದಲ ಪುಟ ತಿರುವುತ್ತಲೇ ವಾಸನೆ ಹೇಳಿತು.

ಉಳಿದವುಗಳಲ್ಲಿ ಒಂದನ್ನು ನನ್ನ ಮಗ ಎತ್ತಿಕೊಂಡ. ಲಂಗ ಉಟ್ಟ ಮೂರು ವರ್ಷದ ಮಗು, ಕೆನ್ನೆಯಲ್ಲಿ ದೃಷ್ಟಿಬೊಟ್ಟು, ಅಳು ಈಗಷ್ಟೇ ನಿಂತ ಮುಖ. ಬೆನ್ನ ಹಿಂದೆ ನಿಲ್ಲಿಸಿದ ಕನ್ನಡಿಯಲ್ಲಿ ಸೊಂಟದವರೆಗೆ ಇಳಿದ ಮೊಗ್ಗಿನ ಜಡೆ.

"ಈ ಹುಡುಗಿ ಯಾರಜ್ಜ?"

ಅಪ್ಪ ಕನ್ನಡಕ ಸರಿಮಾಡಿಕೊಂಡರು. "ನಾನೇ. ಜಡೆ ನೋಡು."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಗಲು ಕಾರಣವೂ ಇತ್ತು. ಮಗ ಕೂದಲು ಬಿಟ್ಟು ಜುಟ್ಟು ಕಟ್ಟಿಕೊಂಡ ದಿನದಿಂದ "ಕ್ಷೌರಕ್ಕೆ ದುಡ್ಡು ನಾನು ಕೊಡುತ್ತೇನೆ" ಎಂದು ದಿನಕ್ಕೊಮ್ಮೆ ಕುಟುಕುವವರು ಇದೇ ಅಜ್ಜ. ಚೌಲಕ್ಕೆ ಮುಂಚೆ ಗಂಡುಮಗುವಿಗೆ ಜಡೆ ಹೆಣೆದು ಪಟ ತೆಗೆಸುವುದು ಆಗ ಎಷ್ಟೋ ಮನೆಗಳಲ್ಲಿ ಇತ್ತು ಎಂದು ಅತ್ತೆ ತಮ್ಮನ ಪರ ವಹಿಸಿದರು. ಮಗ ಕೇಳಬೇಕಲ್ಲ!

ಅಪ್ಪ ಮಾತ್ರ ನಗಲಿಲ್ಲ. "ಜಡೆ ನೋಡು" ಎಂದು ಮತ್ತೊಮ್ಮೆ ಹೇಳಿ ಎದ್ದು ಹೋದರು. ಮುನಿಸಿಕೊಂಡರು ಎಂದುಕೊಂಡೆ. ವಯಸ್ಸಾದವರ ಮುನಿಸನ್ನು ನಾವು ಬಹಳ ಬೇಗ ಊಹಿಸಿಬಿಡುತ್ತೇವೆ.

ರಾತ್ರಿ ಪಾತ್ರೆ ಒರೆಸುತ್ತಾ ಅತ್ತೆ ಹೇಳಿದರು. ಆ ಪಟ ತೆಗೆಸಿದ್ದು ಸಾಗರದ ಸ್ಟುಡಿಯೋದಲ್ಲಿ, 1962ರಲ್ಲಿ. ಲಂಗ ಪಕ್ಕದ ಮನೆಯ ಹುಡುಗಿಯದು, ಚೌರಿ ಯಾರಿಂದಲೋ ಕೇಳಿ ತಂದದ್ದು, ಹಿಂದಿನ ಪರದೆಯ ಕೊಳ, ಹಂಸ ಎಲ್ಲ ಸ್ಟುಡಿಯೋದವನದು. ಮೊಗ್ಗು ಮಾತ್ರ ನಮ್ಮ ಹಿತ್ತಿಲಿನದು. ಅಜ್ಜಿ ನಸುಕಿನಲ್ಲಿ ಕೊಯ್ದು, ಬಾಳೆಪಟ್ಟೆಗೆ ಸಾಲಾಗಿ ಹೊಲಿದದ್ದು. ಎರಡು ವರ್ಷಕ್ಕೆ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಮನೆ, ಹಿತ್ತಿಲು, ಮಲ್ಲಿಗೆ ಬಳ್ಳಿ ಎಲ್ಲವೂ ಶರಾವತಿಯ ಹಿನ್ನೀರಿನ ಅಡಿಗೆ ಹೋದವು. ಆ ಮನೆಯ ಪಟ ಒಂದೂ ಇಲ್ಲ. ಮನೆಯ ಪಟ ಯಾರು ತೆಗೆಸುತ್ತಿದ್ದರು?

ಪ್ರತಿ ಮಳೆಗಾಲ ಅಪ್ಪ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ಓದದೆ ಕಾಫಿ ಮುಟ್ಟುವುದಿಲ್ಲ. ಗರಿಷ್ಠ ಮಟ್ಟ 1819 ಅಡಿ ಎಂಬುದು ನನಗೆ ಮಗ್ಗಿಯ ಜೊತೆಗೇ ಬಾಯಿಪಾಠವಾಗಿತ್ತು. ಕರೆಂಟಿನ ಚಿಂತೆ ಎಂದುಕೊಂಡಿದ್ದೆ. ಬೇಸಿಗೆಯಲ್ಲಿ ನೀರು ಇಳಿದು ಹಳೆಯ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತಿದಾಗ ಜನ ಬೈಕು ಹತ್ತಿ ಸೆಲ್ಫಿಗೆ ಓಡುತ್ತಾರೆ. ಅಪ್ಪ ಒಮ್ಮೆಯೂ ಹೋಗಿಲ್ಲ. ಕರೆದರೆ "ಕೆಸರಲ್ಲಿ ಏನಿದೆ?" ಎನ್ನುತ್ತಾರೆ.

ಮರುದಿನ ಮಗ ಪಟವನ್ನು ಮೊಬೈಲಿನಲ್ಲಿ ಸೆರೆಹಿಡಿದು, ಕನ್ನಡಿಯ ಭಾಗವನ್ನು ಬೆರಳಿನಿಂದ ಹಿಗ್ಗಿಸಿ ಅಜ್ಜನ ಮುಂದೆ ಹಿಡಿದ. ಮೊಗ್ಗಿನ ಸಾಲಿನಲ್ಲಿ, ಕುಚ್ಚಿನ ಸ್ವಲ್ಪ ಮೇಲೆ, ಒಂದು ಮಾತ್ರ ಬಿರಿದಿತ್ತು.

"ಸಾಗರ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು" ಎಂದರು ಅತ್ತೆ ಅಡುಗೆಮನೆಯಿಂದಲೇ. "ಅದು ಅರಳಿತೆಂದು ಅಮ್ಮ ದಾರಿಯುದ್ದಕ್ಕೂ ಗೊಣಗಿದ್ದಳು."

ಅಪ್ಪ ಮೊಬೈಲನ್ನು ತಾವೇ ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದರು.