ಔಷಧಿ ಹೊಡೆಯುವ ವಿಷಯವನ್ನು ಯಾರು ಓದುತ್ತಾರೆ?

ಕೃಷಿಯ ಬಗ್ಗೆ ಬರೆಯುವವನಾದ್ದರಿಂದ ನನಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಕೃಷಿ ಪದವಿ ಮುಗಿಸಿ ಲೇಖನ ಬರೆಯಲು ಹೊರಟ ತರುಣರು, ಕರಪತ್ರ ಸಿದ್ಧಪಡಿಸುವ ಹೊಣೆ ಹೊತ್ತ ಅಧಿಕಾರಿಗಳು, ತಮ್ಮ ತೋಟದ ಅನುಭವವನ್ನು ನಾಲ್ಕು ಜನಕ್ಕೆ ತಿಳಿಸಬೇಕೆಂದಿರುವ ಬೆಳೆಗಾರರು, ಎಲ್ಲರೂ ಕೇಳುವುದು ಒಂದನ್ನೇ: "ಗೊಬ್ಬರ, ರೋಗ, ಔಷಧಿ ಎಂಬ ಒಣ ವಿಷಯಗಳನ್ನು ಜನ ಕೊನೆಯವರೆಗೆ ಓದುವಂತೆ ಬರೆಯುವುದು ಹೇಗೆ? ನಡುನಡುವೆ ಸ್ವಲ್ಪ ಹಾಸ್ಯ, ಒಂದೆರಡು ಗಾದೆ, ಒಂದು ಕಥೆ ಸೇರಿಸಿದರೆ ಆದೀತೇ?" ಆಗದು ಎಂಬುದು ನನ್ನ ಉತ್ತರ. ಸ್ವಾರಸ್ಯವನ್ನು ಹೊರಗಿನಿಂದ ತಂದು ಸೇರಿಸಲು ಬರುವುದಿಲ್ಲ. ಅದು ವಿಷಯದ ಒಳಗೇ ಇರುತ್ತದೆ, ಬರೆಯುವವರು ಅವಸರದಲ್ಲಿ ಅದನ್ನು ಸೋಸಿ ಚೆಲ್ಲಿರುತ್ತಾರೆ. ಇಷ್ಟು ಹೇಳಿ ಬಿಟ್ಟರೆ ಉಪದೇಶವಾಗುತ್ತದೆ. ಆದ್ದರಿಂದ ಅತ್ಯಂತ ಒಣ ಎನಿಸುವ ಒಂದು ವಿಷಯವನ್ನೇ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನೇ, ಎತ್ತಿಕೊಂಡು ವಿವರಿಸುತ್ತೇನೆ.

ಈ ವಿಷಯದ ಬಗ್ಗೆ ಸಾಮಾನ್ಯವಾಗಿ ಬರುವ ವಾಕ್ಯ ಹೀಗಿರುತ್ತದೆ: "ಕೊಳೆರೋಗದ ನಿಯಂತ್ರಣಕ್ಕಾಗಿ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮುನ್ನ ಒಮ್ಮೆ ಹಾಗೂ 40ರಿಂದ 45 ದಿನಗಳ ಅನಂತರ ಮತ್ತೊಮ್ಮೆ ಸಿಂಪಡಿಸತಕ್ಕದ್ದು." ಇದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೆ ಇದರಲ್ಲಿ ಮಳೆಯಿಲ್ಲ, ಮರವಿಲ್ಲ, ಮರ ಹತ್ತುವ ಮನುಷ್ಯನಿಲ್ಲ. ಮುಂಗಾರಿಗೆ ಮುನ್ನವೇ ಏಕೆ, ರೋಗ ಕಂಡ ಮೇಲೆ ಹೊಡೆದರೆ ಏಕಾಗದು ಎಂದು ಓದುಗನ ಮನಸ್ಸಿನಲ್ಲಿ ಏಳುವ ಪ್ರಶ್ನೆಗೂ ಜಾಗವಿಲ್ಲ. ಬೇಸರ ಹುಟ್ಟುವುದು ಅಲ್ಲಿಯೇ. ಇಂಥ ವಾಕ್ಯವನ್ನು ರಂಜನೀಯಗೊಳಿಸಲು ಹೊರಟವರು ಮೇಲೊಂದು ಗಾದೆಯನ್ನೂ ಕೆಳಗೊಂದು ಸಿನಿಮಾ ಸಂಭಾಷಣೆಯನ್ನೂ ಅಂಟಿಸುತ್ತಾರೆ. ಓದುಗನಿಗೆ ಆ ಸಂಭಾಷಣೆ ನೆನಪಿನಲ್ಲಿ ಉಳಿಯುತ್ತದೆ, 45 ದಿನ ಮರೆತುಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನೂರು ಲೀಟರಿನ ಡ್ರಮ್ಮನ್ನು ಎದುರಿಗಿಟ್ಟುಕೊಂಡು, ಮೋಡ ನೋಡುತ್ತ, ಮೊಬೈಲಿನಲ್ಲಿ ಲೇಖನ ತೆರೆದ ಬೆಳೆಗಾರನಿಗೆ ನಮ್ಮ ಚಟಾಕಿಯನ್ನು ಸಹಿಸುವ ವ್ಯವಧಾನವಿರುವುದಿಲ್ಲ.

ಹಾಗಾದರೆ ಎಲ್ಲಿಂದ ತೊಡಗಬೇಕು? ಕೆಲಸ ಮಾಡುವವನಿಗೆ ಎಲ್ಲಿ ಕಷ್ಟವಾಗುತ್ತದೆಯೋ ಅಲ್ಲಿಂದ. ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಅಡಿಕೆ ಬೆಳೆಗಾರನ ಜೂನ್, ಜುಲೈ ತಿಂಗಳು ಪೂರ್ತಿಯಾಗಿ ಆಕಾಶದ ಕೈಯಲ್ಲಿರುತ್ತದೆ. ಮಳೆ ಹಿಡಿದು ಎರಡು ಮೂರು ವಾರವಾಗುವಷ್ಟರಲ್ಲಿ ಎಳೆಗಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಕಲೆ ಕಾಣಿಸಿಕೊಳ್ಳುತ್ತದೆ. ಕಲೆ ಹರಡುತ್ತದೆ, ಕಾಯಿ ಉದುರುತ್ತದೆ, ಉದುರಿದ ಕಾಯಿಯ ಮೇಲೆ ಬಿಳಿಯ ಬೂಸ್ಟು ಬೆಳೆಯುತ್ತದೆ. ಮಳೆಹನಿ ಸಿಡಿದಂತೆಲ್ಲ ರೋಗಾಣು ಒಂದು ಗೊನೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಎಡೆಬಿಡದ ಮಳೆ, ನಡುವೆ ತುಸು ಬಿಸಿಲು, ಮತ್ತೆ ಮಳೆ ಎಂಬ ಹವೆಯೇ ಅದಕ್ಕೆ ಹಬ್ಬ. ಇಂಥ ಹೊತ್ತಿನಲ್ಲಿ ಐವತ್ತು ಅರವತ್ತು ಅಡಿ ಎತ್ತರದ, ಪಾಚಿಗಟ್ಟಿ ಜಾರುವ ಮರವನ್ನು ಕಾಲಿಗೆ ತಳೆ ಹಾಕಿಕೊಂಡು ಒಬ್ಬ ಮನುಷ್ಯ ಹತ್ತಬೇಕು. ಕೆಳಗೆ ಒಬ್ಬ ಪಂಪು ನೋಡಿಕೊಳ್ಳಬೇಕು, ಇನ್ನೊಬ್ಬ ಪೈಪು ಎಳೆಯಬೇಕು. ನುರಿತ ಕೊನೆಗಾರನಾದರೆ ಒಂದು ಮರದಿಂದ ಕೆಳಗಿಳಿಯದೆ, ಮರವನ್ನೇ ಬಾಗಿಸಿಕೊಂಡು ಪಕ್ಕದ ಮರಕ್ಕೆ ದಾಟುತ್ತಾನೆ. ಅಂಥವರು ಊರಿಗೊಬ್ಬಿಬ್ಬರು; ಮಳೆ ಬಿಟ್ಟು ಹೊಳವಾದ ದಿನ ಎಲ್ಲ ತೋಟದವರಿಗೂ ಬೇಕಾದವರು ಅವರೇ.

ಇದನ್ನು ನಾನು ವರ್ಣನೆಯ ಚಪಲಕ್ಕೆ ಬರೆಯುವುದಿಲ್ಲ. ಮರ ಜಾರುತ್ತದೆ, ಆಳು ಸಿಗುವುದಿಲ್ಲ, ಹೊಳವಾಗುವ ದಿನ ಯಾರಿಗೂ ಗೊತ್ತಿಲ್ಲ ಎಂಬುದು ಮನಸ್ಸಿಗೆ ಹೋದ ಮೇಲೆ "ಮುಂಗಾರಿಗೆ ಮುನ್ನ" ಎಂಬ ಎರಡು ಪದಗಳಿಗೆ ತೂಕ ಬರುತ್ತದೆ. ಅದರ ಬೆನ್ನಿಗೇ ನಿಜವಾದ ಕಾರಣವನ್ನು ಹೇಳುತ್ತೇನೆ: ಬೋರ್ಡೋ ಕೊಳೆತ ಕಾಯಿಯನ್ನು ಗುಣಪಡಿಸುವ ಮದ್ದಲ್ಲ, ಕಾಯಿಯ ಮೈಮೇಲೆ ತಾಮ್ರದ ತೆಳುವಾದ ಪದರವನ್ನು ಹೊದಿಸುವ ರಕ್ಷೆ, ರೋಗಾಣು ಬಂದು ಕೂರುವ ಮೊದಲೇ ಆ ಪದರ ಅಲ್ಲಿರಬೇಕು. ಇದೇ ಮಾತನ್ನು ಮೊದಲ ವಾಕ್ಯದಲ್ಲಿ ಹೇಳಿದ್ದರೆ ಅದೊಂದು ಮಾಹಿತಿಯಾಗುತ್ತಿತ್ತು. ಮಳೆಯಲ್ಲಿ ಮರ ಹತ್ತಿಸಿದ ಮೇಲೆ ಹೇಳಿದರೆ ಓದುಗ ತಾನೇ ಕಾದು ಪಡೆದ ಉತ್ತರವಾಗುತ್ತದೆ.

ಇನ್ನು ದ್ರಾವಣ ಮಾಡುವ ವಿಧಾನ. ಓದುಗರು ಬಿಟ್ಟು ಮುಂದೆ ಹೋಗುವುದು ಹೆಚ್ಚಾಗಿ ಇಲ್ಲಿಯೇ, ನನ್ನ ಮಟ್ಟಿಗೆ ಅತ್ಯಂತ ಸ್ವಾರಸ್ಯವಿರುವುದೂ ಇಲ್ಲಿಯೇ. ಒಂದು ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಐವತ್ತು ಲೀಟರ್ ನೀರಿನಲ್ಲಿ ಕರಗಿಸಬೇಕು, ಒಂದು ಕಿಲೋ ಸುಣ್ಣವನ್ನು ಇನ್ನೊಂದು ಐವತ್ತು ಲೀಟರಿನಲ್ಲಿ ಕಲಸಿ ಸೋಸಿಕೊಳ್ಳಬೇಕು, ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯಬೇಕು. ಗಾಜಿನಂತೆ ತಿಳಿಯಾದ ನೀಲಿ ಹಾಲಿನ ಬಿಳುಪಿಗೆ ಸೇರಿ ಮುಂಗಾರಿನ ಹೊಳವಿನಲ್ಲಿ ಕಾಣುವ ಆಕಾಶದ ಬಣ್ಣಕ್ಕೆ ತಿರುಗುತ್ತದೆ. ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಕರಪತ್ರದಲ್ಲಿ "ಕಬ್ಬಿಣದ ಚಾಕುವನ್ನು ಅದ್ದಿದಾಗ ಕೆಂಪಾದರೆ ಸುಣ್ಣ ಸೇರಿಸಿ" ಎಂದಿರುತ್ತದೆ. ನಾನು ಅದನ್ನು ತಿರುವಿ ಬರೆಯುತ್ತೇನೆ. ಮೊದಲು ಓದುಗನ ಕೈಗೆ ಚಾಕು ಕೊಡುತ್ತೇನೆ: ತುಕ್ಕಿಲ್ಲದ, ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕು. ಅದನ್ನು ದ್ರಾವಣದಲ್ಲಿ ಅದ್ದಿ ಒಂದು ನಿಮಿಷ ಹಿಡಿದಿರಬೇಕು. ಸುತ್ತ ನಿಂತವರೆಲ್ಲ ಮಾತು ನಿಲ್ಲಿಸಿ ಆ ಚಾಕುವನ್ನೇ ನೋಡುತ್ತಿರುತ್ತಾರೆ. ಮೇಲೆತ್ತಿದಾಗ ಅಲಗು ಇದ್ದ ಹಾಗೆಯೇ ಬಿಳಿಯಾಗಿದ್ದರೆ ಕೆಲಸ ಆರಂಭಿಸಬಹುದು. ಹೊಸ ತಾಮ್ರದ ತಂಬಿಗೆಯಂಥ ಕೆಂಪು ಹತ್ತಿದ್ದರೆ ದ್ರಾವಣದಲ್ಲಿ ಸುಣ್ಣಕ್ಕೆ ಸಿಗದ ತುತ್ತ ಇನ್ನೂ ಉಳಿದಿದೆ, ಹಾಗೆಯೇ ಹೊಡೆದರೆ ಅದು ಎಳೆಗಾಯಿಯನ್ನೇ ಸುಡುತ್ತದೆ ಎಂದರ್ಥ. ಆಗ ಇನ್ನಷ್ಟು ಸುಣ್ಣದ ನೀರು ಬೆರೆಸಿ ಮತ್ತೆ ಚಾಕು ಅದ್ದಿ ನೋಡಬೇಕು.

ಆ ಕೆಂಪು ಎಲ್ಲಿಂದ ಬಂತು? ನೀರಿನಲ್ಲಿ ಕರಗಿರುವ ತಾಮ್ರ ಕಬ್ಬಿಣವನ್ನು ಕಂಡರೆ ಅದರ ಜಾಗಕ್ಕೆ ತಾನು ಬಂದು ಕೂರುತ್ತದೆ, ಕಬ್ಬಿಣ ಕರಗಿ ನೀರಿಗಿಳಿಯುತ್ತದೆ. ಪ್ರೌಢಶಾಲೆಯ ರಸಾಯನಶಾಸ್ತ್ರದ ಪಾಠದಲ್ಲಿ ಮೊಳೆಯನ್ನು ತುತ್ತದ ನೀರಿಗೆ ಹಾಕಿ ತೋರಿಸುವುದು ಇದನ್ನೇ. ಈಗ ಕರಪತ್ರದ ಇನ್ನೊಂದು ಸೂಚನೆಯನ್ನು ನೆನಪಿಸಿಕೊಳ್ಳಿ: "ಕಬ್ಬಿಣದ ಪಾತ್ರೆ ಬಳಸಬಾರದು, ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಬಳಸಿ." ಚಾಕುವಿನ ಕಾರಣ ತಿಳಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಕಬ್ಬಿಣದ ಬಕೆಟಿನಲ್ಲಿ ತುತ್ತ ಕರಗಿಸಿದರೆ ಗೊನೆಗೆ ಹೋಗಬೇಕಾದ ತಾಮ್ರ ಬಕೆಟಿನ ಗೋಡೆಗೆ ಹತ್ತುತ್ತದೆ. ಬೇರೆ ಬೇರೆಯಾಗಿ ಬಾಯಿಪಾಠ ಮಾಡಬೇಕಿದ್ದ ಎರಡು ನಿಯಮಗಳು ಒಂದೇ ಕಾರಣದಿಂದ ಹುಟ್ಟಿದವೆಂದು ಹೊಳೆದಾಗ ಓದುಗನಿಗೆ ಒಂದು ಸಂತೋಷವಾಗುತ್ತದೆ. ಬರವಣಿಗೆಯಲ್ಲಿ ರಂಜನೆ ಎಂದು ನಾನು ಕರೆಯುವುದು ಆ ಸಂತೋಷವನ್ನು. ನಗು ಬರಿಸುವುದು ಅದರ ಮುಂದೆ ಸಣ್ಣ ಸಂಗತಿ.

ವೇಷವಿಲ್ಲದೆ ಕುಳಿತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯ ಕೂಟದಲ್ಲಿ ವಾಲಿವಧೆಯ ಪ್ರಸಂಗವಿದ್ದರೆ ವಾಲಿ ಸಾಯುತ್ತಾನೆಂಬುದು ಕುಳಿತವರಿಗೆಲ್ಲ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಯಾರೂ ಏಳುವುದಿಲ್ಲ, ಏಕೆಂದರೆ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂಬ ವಾಲಿಯ ಪ್ರಶ್ನೆಗೆ ಇಂದಿನ ರಾಮ ಏನು ಹೇಳುತ್ತಾನೆಂಬುದು ಇನ್ನೂ ಗೊತ್ತಾಗಿರುವುದಿಲ್ಲ. ಕೃಷಿ ಲೇಖನದ ಓದುಗನೂ ಅಂಥವನೇ. ಕೊನೆಗೆ ಔಷಧಿ ಹೊಡೆಯಬೇಕೆಂಬುದು ಅವನಿಗೆ ಮೊದಲೇ ಗೊತ್ತು. ಅವನನ್ನು ಕೂರಿಸಿಕೊಳ್ಳುವುದು "ಏಕೆ" ಎಂಬುದು. ಆದ್ದರಿಂದ ಲೇಖನದ ಪ್ರತಿಯೊಂದು ಘಟ್ಟದಲ್ಲೂ ಒಂದು "ಏಕೆ" ತೆರೆದಿರಬೇಕು, ಒಂದು ಮುಚ್ಚುವ ಮೊದಲು ಇನ್ನೊಂದು ತೆರೆದುಕೊಳ್ಳಬೇಕು. ಈಗ ಎಲ್ಲೆಡೆ ಕಾಣುವ "ಈ ಒಂದು ರಹಸ್ಯ ತಿಳಿದರೆ ನೀವು ಬೆಚ್ಚಿಬೀಳುತ್ತೀರಿ" ಎಂಬಂಥ ತಲೆಬರಹಗಳೂ ಮಾಡುವುದು ಇದನ್ನೇ ಎಂದು ಯಾರಾದರೂ ಹೇಳಬಹುದು. ಅಲ್ಲ. ಅಲ್ಲಿ ಪ್ರಶ್ನೆ ಬರೆದವನು ಹುಟ್ಟಿಸಿದ್ದು, ಉತ್ತರ ಹುರುಳಿಲ್ಲದ್ದು. ಇಲ್ಲಿ ಪ್ರಶ್ನೆ ತೋಟದಲ್ಲಿಯೇ ಹುಟ್ಟಿದ್ದು, ಉತ್ತರ ಸಿಗದಿದ್ದರೆ ಬೆಳೆ ಹೋಗುವಂಥದ್ದು.

ಚರಿತ್ರೆಯನ್ನು ಎಲ್ಲಿಡಬೇಕು ಎಂಬುದೂ ಇದರಿಂದಲೇ ತೀರ್ಮಾನವಾಗುತ್ತದೆ. ಬೋರ್ಡೋ ಬಗ್ಗೆ ಬರೆಯುವ ಬಹುತೇಕರು "1885ರಲ್ಲಿ ಫ್ರಾನ್ಸ್ ದೇಶದಲ್ಲಿ" ಎಂದೇ ಶುರುಮಾಡುತ್ತಾರೆ. ತೋಟದವನಿಗೆ ಫ್ರಾನ್ಸಿನ ಗೊಡವೆ ಏಕೆ ಬೇಕೆಂದು ತೋರಿಸದೆ ಅಲ್ಲಿಗೆ ಕರೆದೊಯ್ದರೆ ಅವನು ಬರುವುದಿಲ್ಲ. ಚಾಕುವಿನ ಪರೀಕ್ಷೆ ಮುಗಿದು, ತುತ್ತಕ್ಕೆ ಸುಣ್ಣ ಬೆರೆಸುವ ಉಪಾಯ ಯಾರಿಗೆ ಹೊಳೆಯಿತೋ ಎಂದು ಅವನಿಗೇ ಅನ್ನಿಸಿದ ಹೊತ್ತಿನಲ್ಲಿ ಹೇಳಿದರೆ ಅದೇ ಚರಿತ್ರೆ ಕಥೆಯಂತೆ ಇಳಿಯುತ್ತದೆ. 1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಮಿಲಾರ್ದೆ ಮೆಡಾಕ್ ಸೀಮೆಯ ದ್ರಾಕ್ಷಿತೋಟಗಳಲ್ಲಿ ಹೋಗುತ್ತಿದ್ದಾಗ ವಿಚಿತ್ರವೊಂದನ್ನು ಕಂಡರು. ಅಮೆರಿಕದಿಂದ ಬಂದ ಬೂಜುರೋಗದಿಂದ ಒಳಗಿನ ಬಳ್ಳಿಗಳೆಲ್ಲ ಎಲೆ ಉದುರಿಸಿ ನಿಂತಿದ್ದರೆ, ರಸ್ತೆಯಂಚಿನ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ವಿಚಾರಿಸಿದಾಗ ತಿಳಿದದ್ದು, ದಾರಿಹೋಕರು ಹಣ್ಣು ಕದಿಯದಿರಲೆಂದು, ವಿಷ ಹಾಕಿದಂತೆ ಕಾಣಲೆಂದು, ತೋಟದವರು ರಸ್ತೆಯಂಚಿನ ಸಾಲುಗಳಿಗೆ ತುತ್ತ ಮತ್ತು ಸುಣ್ಣವನ್ನು ಎರಚಿದ್ದರು. ಮಿಲಾರ್ದೆ ಪ್ರಯೋಗಗಳನ್ನು ನಡೆಸಿ 1885ರಲ್ಲಿ ಪ್ರಕಟಿಸಿದರು. ಈ ಕಥೆಗೆ ನಗು ತಾನಾಗಿ ಬರುತ್ತದೆ, ನಾವು ಕಚಗುಳಿ ಇಡಬೇಕಾಗಿಲ್ಲ. ಕಥೆ ಪಾಠಕ್ಕೂ ಒದಗುತ್ತದೆ: ಕಳ್ಳನ ಕಣ್ಣಿಗೆ ಬೀಳುವಂತೆ ಎಲೆಗೆ ಅಂಟಿಕೊಳ್ಳುವ ಗುಣವೇ ಮಳೆಗೆ ತೊಳೆದುಹೋಗದೆ ಉಳಿಯುವ ಗುಣವೂ ಹೌದು, ಮತ್ತು ಇಂದಿಗೂ ಬೆಳೆಗಾರ ಕೆಳಗೆ ನಿಂತು ಗೊನೆಯ ಮೇಲಿನ ನೀಲಿಯನ್ನು ನೋಡಿ ಎಲ್ಲಿ ಔಷಧಿ ಬಿದ್ದಿಲ್ಲವೆಂದು ಹೇಳುತ್ತಾನೆ.

ದ್ರಾಕ್ಷಿಯ ಆ ರೋಗಾಣುವಿಗೂ ನಮ್ಮ ಕೊಳೆರೋಗಕ್ಕೂ ನೆಂಟಸ್ತಿಕೆಯಿದೆ. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ, ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಕ್ಷಾಮವನ್ನು ತಂದದ್ದು ಅಡಿಕೆಯ ಕೊಳೆಗೆ ಇನ್ನೂ ಹತ್ತಿರದ ಬಳಗ, ಫೈಟಾಫ್ತೊರಾ ಎಂಬ ರೋಗಾಣುಗಳ ಕುಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು, ಬೋರ್ಡೋ ಬಳಕೆಯನ್ನು ಇಲ್ಲಿನ ಬೆಳೆಗಾರರಲ್ಲಿ ಪ್ರಚಾರಕ್ಕೆ ತಂದರು. ಮಳೆ ತಾಗದಂತೆ ಗೊನೆಗಳಿಗೆ ಕೊಟ್ಟೆ ಕಟ್ಟುವುದು ಅದಕ್ಕಿಂತ ಹಳೆಯ ಪದ್ಧತಿ. ಈಗಲೂ ಕೆಲವರು ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾರೆ. ಇಷ್ಟನ್ನು ಒಂದು ಪ್ಯಾರಾದಲ್ಲಿ ಹೇಳಿ ಮುಗಿಸಬೇಕು. ಐರ್ಲೆಂಡಿನ ಕ್ಷಾಮ ಎಷ್ಟೇ ಮನಸ್ಸು ಕಲಕಿದರೂ ಅಲ್ಲಿಯೇ ನಿಂತುಬಿಟ್ಟರೆ ಡ್ರಮ್ಮಿನಲ್ಲಿ ದ್ರಾವಣ ಕೆಡುತ್ತದೆ; ಬೋರ್ಡೋವನ್ನು ಮಾಡಿದ ದಿನವೇ ಹೊಡೆದು ಮುಗಿಸಬೇಕು.

ಪುತ್ತೂರಿನಿಂದ 1988ರಿಂದ ಬರುತ್ತಿರುವ ಅಡಿಕೆ ಪತ್ರಿಕೆ "ಕೃಷಿಕರ ಕೈಗೆ ಲೇಖನಿ" ಎಂದು ಬೆಳೆಗಾರರಿಗೇ ಬರವಣಿಗೆಯ ತರಬೇತಿ ಕೊಟ್ಟದ್ದನ್ನು ಇಲ್ಲಿ ನೆನೆಯಬೇಕು. ಬೆಳೆಗಾರ ಬರೆದ ಲೇಖನದಲ್ಲಿ ವ್ಯಾಕರಣ ಒಂದಿಷ್ಟು ತಡವರಿಸಬಹುದು, ಆದರೆ ಎಷ್ಟು ಮರ, ಎಷ್ಟು ಆಳು, ಎಷ್ಟು ಖರ್ಚು, ಏನು ಕೈಕೊಟ್ಟಿತು ಎಂಬುದು ತಾನಾಗಿ ಬಂದಿರುತ್ತದೆ. ಓದುಗ ಕೇಳುವುದೂ ಅದನ್ನೇ. ತಜ್ಞರ ಲೇಖನಗಳು ಸೋಲುವುದು ಬಹುಮಟ್ಟಿಗೆ "ಏನು ಕೈಕೊಟ್ಟಿತು" ಎಂಬುದನ್ನು ಅಡಗಿಸುವುದರಿಂದ. ಎರಡು ಸಲ ಹೊಡೆದರೂ ಮಳೆ ಸೆಪ್ಟೆಂಬರಿನವರೆಗೆ ಎಳೆದರೆ ಮೂರನೆಯ ಸಲ ಹೊಡೆಯಬೇಕಾಗುತ್ತದೆ, ಪಕ್ಕದ ತೋಟದವರು ಹೊಡೆಯದಿದ್ದರೆ ನಮ್ಮ ಶ್ರಮವೂ ಅಷ್ಟಕ್ಕಷ್ಟೇ, ವರ್ಷವರ್ಷವೂ ಹೊಡೆದ ತಾಮ್ರ ಮಣ್ಣಿನಲ್ಲಿ ಶೇಖರವಾಗುತ್ತ ಹೋಗುತ್ತದೆ. ಇದನ್ನೆಲ್ಲ ಬರೆದರೆ ಲೇಖನ ಸಪ್ಪೆಯಾಗುತ್ತದೆಂದು ಹೆದರುವವರಿದ್ದಾರೆ. ನನ್ನ ಅನುಭವ ಬೇರೆ. ಓದುಗ ನೆಟ್ಟಗೆ ಕೂರುವುದೇ ಆಗ.

ಹಾಸ್ಯ ಬೇಡವೇ ಬೇಡವೇ ಎಂದು ಮತ್ತೆ ಕೇಳುವವರಿಗೆ ಹೇಳುವುದಿಷ್ಟು: ವಿಷಯದಲ್ಲಿ ಇದ್ದರೆ ಬರಲಿ. ಔಷಧಿ ಹೊಡೆಯುವ ದಿನ ಯಜಮಾನರಿಂದ ಹಿಡಿದು ನಾಯಿಯವರೆಗೆ ಎಲ್ಲರೂ ನೀಲಿಯಾಗಿರುತ್ತಾರೆ, ಆ ದಿನಕ್ಕೆಂದೇ ಎತ್ತಿಟ್ಟ ಅಂಗಿ ಗಂಜಿ ಹಾಕಿದಂತೆ ತಾನೇ ನಿಲ್ಲುವಷ್ಟು ಗಟ್ಟಿಯಾಗಿರುತ್ತದೆ. ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದರೆ ಸಾಕು. ಅಂಕಿಗಳ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು: ಒಂದು ಕಿಲೋ, ಒಂದು ಕಿಲೋ, ನೂರು ಲೀಟರ್, 45 ದಿನ ಎಂಬುವನ್ನು ಕಥನದ ನಡುವೆ ಎಲ್ಲೆಲ್ಲಿ ಹೇಳಿದ್ದರೂ ಕೊನೆಯಲ್ಲಿ ಚೌಕಟ್ಟು ಹಾಕಿ ಮತ್ತೊಮ್ಮೆ ಕೊಡುತ್ತೇನೆ, ಏಕೆಂದರೆ ಮೊದಲ ಸಲ ಆಸಕ್ತಿಯಿಂದ ಓದಿದವನೇ ಮುಂದಿನ ಮೇ ತಿಂಗಳಲ್ಲಿ ಒದ್ದೆ ಕೈಯಲ್ಲಿ ಮೊಬೈಲು ಹಿಡಿದು ಆ ನಾಲ್ಕು ಸಾಲಿಗಾಗಿ ಹುಡುಕಿಕೊಂಡು ಬರುತ್ತಾನೆ.