ಕಾಯಿಲೆಯ ಸುದ್ದಿ ಯಾರ ಸ್ವತ್ತು?

ಕೆಲವು ವರ್ಷಗಳ ಹಿಂದೆ ಗೆಳತಿಯೊಬ್ಬಳು ಫೋನ್ ಮಾಡಿ, ಬಯಾಪ್ಸಿಯಲ್ಲಿ ತನಗೆ ಸ್ತನ ಕ್ಯಾನ್ಸರ್ ಇರುವುದು ಖಚಿತವಾಗಿದೆ ಎಂದಳು. ಅದೇ ಸಂಜೆ ನಾನು, ಉಪಕಾರ ಮಾಡುತ್ತಿದ್ದೇನೆಂದೇ ಭಾವಿಸಿ, ಹಳೆಯ ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಷಯ ತಿಳಿಸಿ ‘ಎಲ್ಲರೂ ಪ್ರಾರ್ಥಿಸಿ’ ಎಂದು ಬರೆದೆ. ಮರುದಿನ ಅವರಲ್ಲೊಬ್ಬರು ಧೈರ್ಯ ಹೇಳಲೆಂದು ಅವಳ ಮನೆಗೆ ಕರೆ ಮಾಡಿದಾಗ ಫೋನ್ ಎತ್ತಿದ್ದು ಮಗಳು. ಭಾನುವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಹೇಳಬೇಕೆಂದು ತಾಯಿ ಎರಡು ದಿನಗಳಿಂದ ಮಾತು ಹೊಂದಿಸಿಕೊಳ್ಳುತ್ತಿದ್ದಳು ಎಂಬುದು ನನಗೆ ಆಮೇಲೆ ತಿಳಿಯಿತು.

ಟೆನಿಸ್ ಆಟಗಾರ ಆರ್ಥರ್ ಆ್ಯಶ್ ಅವರ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಆ ಹುಡುಗಿಯ ನೆನಪಾಗುತ್ತದೆ. ಹೃದಯದ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಪಡೆದ ರಕ್ತದಿಂದ ಎಚ್‌ಐವಿ ತಗುಲಿದ್ದ ಅವರು, 1988ರಲ್ಲಿ ಗೊತ್ತಾದ ಆ ವಿಷಯವನ್ನು ಮನೆಯವರು ಮತ್ತು ಆಪ್ತರ ನಡುವೆಯೇ ಇಟ್ಟುಕೊಂಡಿದ್ದರು. 1992ರ ಏಪ್ರಿಲ್‌ನಲ್ಲಿ ಪತ್ರಿಕೆಯೊಂದು ಕೆದಕತೊಡಗಿದ್ದರಿಂದ, ಅದು ಅಚ್ಚಾಗುವ ಮೊದಲು ತಾವೇ ಹೇಳಿಬಿಡುವುದು ಲೇಸೆಂದು ಪತ್ರಿಕಾಗೋಷ್ಠಿ ಕರೆದರು. ಪುಟ್ಟ ಮಗಳ ಪ್ರಸ್ತಾಪ ಬಂದಲ್ಲಿ ಅವರ ಗಂಟಲು ಕಟ್ಟಿತು. ಆ ಭಾಗವನ್ನು ಪತ್ನಿ ಓದಬೇಕಾಯಿತು. ಸಾರ್ವಜನಿಕ ವ್ಯಕ್ತಿ ಎಂಬ ನೆಪವಾದರೂ ಆ ಪತ್ರಿಕೆಗೆ ಇತ್ತು. ನನಗೆ ಅದೂ ಇರಲಿಲ್ಲ.

ರೋಗಿಯ ಗುಟ್ಟನ್ನು ಕಾಯುವುದಾಗಿ ವೈದ್ಯರು ಪ್ರತಿಜ್ಞೆ ಮಾಡುತ್ತಾರೆ. ನೆಂಟರಿಷ್ಟರಿಗೆ ಅಂಥ ಕಟ್ಟುಪಾಡಿಲ್ಲ. ಮೇಲಾಗಿ ನಮ್ಮ ಭಾಷೆಯಲ್ಲಿ ‘ಅಂತೆ’ ಎಂಬ ಬಲು ಅನುಕೂಲದ ಪದವೊಂದಿದೆ. ‘ಮೂರನೇ ಹಂತವಂತೆ’, ‘ಡಾಕ್ಟರು ಕೈಚೆಲ್ಲಿದರಂತೆ’ ಎನ್ನುವಾಗ ಸುದ್ದಿಯೂ ದಾಟುತ್ತದೆ, ಹೇಳಿದವರ ಹೊಣೆಯೂ ಕಳಚಿಕೊಳ್ಳುತ್ತದೆ. ಮೂರು ಬಾಯಿ ದಾಟುವಷ್ಟರಲ್ಲಿ ಎರಡನೇ ಹಂತದ ಗಡ್ಡೆ ಮೂರನೆಯದಾಗಿರುತ್ತದೆ, ಮತ್ತು ಕಾಯಿಲೆಯವರು ಚೇತರಿಸಿಕೊಂಡು ಕೆಲಸಕ್ಕೆ ಮರಳಿದ ಮೇಲೂ ಎದುರಿಗೆ ಬಂದವರು ಮುಖಕ್ಕಿಂತ ಮೊದಲು ತಲೆಗೂದಲನ್ನು ನೋಡುತ್ತಾರೆ.

ಹಾಗೆಂದು ಎಲ್ಲವನ್ನೂ ಬಚ್ಚಿಡಬೇಕೆಂದು ನಾನು ವಾದಿಸುತ್ತಿಲ್ಲ. ಕ್ಷಯದಂಥ ಸಾಂಕ್ರಾಮಿಕ ರೋಗವಿದ್ದಾಗ ಒಡನಾಡಿದವರಿಗೆ ಪರೀಕ್ಷೆ ಮಾಡಿಸಿಕೊಳ್ಳಲು ತಿಳಿಸಲೇಬೇಕು, ಆದರೆ ಅದಕ್ಕೆ ರೋಗಿಯ ಹೆಸರು ಅನೇಕ ಬಾರಿ ಬೇಕಾಗುವುದೇ ಇಲ್ಲ. ಚಿಕಿತ್ಸೆಗೆ ಹಣ ಕೂಡಿಸುವಾಗ ವಿವರ ಕೊಡದೆ ವಿಧಿಯಿಲ್ಲ; ಅಲ್ಲಿಯೂ ಹೆಸರು, ವಯಸ್ಸು, ರೋಗಿಯ ಸಂಖ್ಯೆಗಳೆಲ್ಲ ಕಾಣುವಂತೆ ವರದಿಯ ಫೋಟೋ ಹಾಕುವ ಮುನ್ನ ಅವರನ್ನೊಮ್ಮೆ ಕೇಳಬಹುದಲ್ಲ! ಆಸ್ಪತ್ರೆಯ ಹಾಸಿಗೆಯ ಮೇಲೆ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದವರ ಚಿತ್ರಕ್ಕಂತೂ ನನ್ನ ಮಟ್ಟಿಗೆ ಯಾವ ಸಮರ್ಥನೆಯೂ ಇಲ್ಲ.

ಈಚೆಗೆ ಸಹೋದ್ಯೋಗಿಯೊಬ್ಬರು ತಮಗೆ ಶಸ್ತ್ರಚಿಕಿತ್ಸೆ ಇರುವುದನ್ನು ನನಗೆ ತಿಳಿಸಿದಾಗ, ಯಾರಿಗೆ ಎಷ್ಟು ಹೇಳಬಹುದೆಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ‘ಮೂರು ವಾರ ರಜೆಯಲ್ಲಿರುತ್ತೇನೆ, ಅಷ್ಟೇ ಬರೆಯಿರಿ’ ಎಂದರು. ಅಷ್ಟನ್ನೇ ಬರೆದೆ. ‘ಏನಾಯಿತು?’ ಎಂದು ಏಳು ಜನ ಕೇಳಿದರು. ಅವರು ಮರಳಿದ ಮೇಲೆ ಅವರನ್ನೇ ಕೇಳಿ ಎಂದು ಉತ್ತರಿಸಿದೆ.